ಮಾಸ್ಟಡಾನ್ ಖಾತೆ: ತೆರೆಯುವುದು, ಕಾಣದ್ದನ್ನು ಹುಡುಕುವುದು, ಸರ್ವರ್ ಬದಲಿಸುವುದು

ಟ್ವಿಟರ್ ಥರದ ಸಾಮಾಜಿಕ ಜಾಲವಾದ ಮಾಸ್ಟಡಾನ್‌ಗೆ ಬಂದವರು ಹೆಚ್ಚಾಗಿ ಮೂರು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಗೆಳೆಯರು ಕಳಿಸಿದ ಲಿಂಕ್ ತೆರೆದರೆ ಲಾಗಿನ್ ಆಗಿ ಅನ್ನುತ್ತದೆ. ಫಾಲೋ ಮಾಡಿದವರ ಹಳೆಯ ಪೋಸ್ಟ್‌ಗಳು ಕಾಣುವುದಿಲ್ಲ. ಸರ್ವರ್ ಬದಲಿಸಲು ಹೋಗಿ ಇದ್ದ ಫಾಲೋವರ್‌ಗಳನ್ನೂ ಕಳೆದುಕೊಳ್ಳುತ್ತಾರೆ. ಮೊದಲ ಎರಡಕ್ಕೆ ಪರಿಹಾರ ಸುಲಭ. ಮೂರನೆಯದರಲ್ಲಿ ಕ್ರಮ ತಪ್ಪಿದರೆ ಸರಿಪಡಿಸುವುದು ಕಷ್ಟ, ಕೆಲವೊಮ್ಮೆ ಆಗುವುದೇ ಇಲ್ಲ.

ಮೂರಕ್ಕೂ ಬೇರು ಒಂದೇ. ಮಾಸ್ಟಡಾನ್ ಒಂದು ಕಂಪನಿ ನಡೆಸುವ ಒಂದು ತಾಣ ಅಲ್ಲ. ಅದು ಯಾರು ಬೇಕಾದರೂ ತಮ್ಮ ಸರ್ವರ್‌ನಲ್ಲಿ ಹಾಕಿಕೊಂಡು ನಡೆಸಬಹುದಾದ ಮುಕ್ತ ತಂತ್ರಾಂಶ. ಹೀಗೆ ನಡೆಯುವ ಸಾವಿರಾರು ಸರ್ವರ್‌ಗಳು ಆಕ್ಟಿವಿಟಿಪಬ್ ಎಂಬ ಪ್ರೋಟೋಕಾಲ್ (ಸರ್ವರ್‌ಗಳು ಮಾತಾಡಿಕೊಳ್ಳುವ ನಿಯಮ) ಮೂಲಕ ಒಂದಕ್ಕೊಂದು ಮಾತಾಡುತ್ತವೆ. ನಿಮ್ಮ ಖಾತೆ ಇರುವುದು ಅವುಗಳಲ್ಲಿ ಒಂದೇ ಒಂದರಲ್ಲಿ. ನಿಮಗೆ ಕಾಣುವುದೆಲ್ಲ ಆ ಸರ್ವರ್‌ಗೆ ಬಂದು ತಲುಪಿದ್ದು ಮಾತ್ರ. ಇದೊಂದು ನೆನಪಿದ್ದರೆ ಕೆಳಗಿನ ಹಂತಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

## ಮೊದಲು ಇವನ್ನು ಸಿದ್ಧ ಮಾಡಿಕೊಳ್ಳಿ

ಕೆಲಸ ಮಾಡುತ್ತಿರುವ ಒಂದು ಇಮೇಲ್ ಬೇಕು. ಹಳೆಯ ಕಾಲೇಜಿನದ್ದು, ಬಿಟ್ಟ ಆಫೀಸಿನದ್ದು ಬೇಡ. ಪಾಸ್‌ವರ್ಡ್ ಮರೆತಾಗ ನಿಮಗೆ ಉಳಿಯುವ ದಾರಿ ಅದೊಂದೇ.

ಫೋನಿನ ಆ್ಯಪ್ ಜೊತೆ ಒಂದು ಬ್ರೌಸರ್ ಕೂಡ ಬೇಕು. ಇದನ್ನು ಒತ್ತಿ ಹೇಳುತ್ತೇನೆ. ಸರ್ವರ್ ಬದಲಿಸುವುದು, ಪಟ್ಟಿಗಳನ್ನು ಇಳಿಸಿಕೊಳ್ಳುವುದು, ಇವೆಲ್ಲ ಇರುವುದು ನಿಮ್ಮ ಸರ್ವರ್‌ನ ವೆಬ್ ಪುಟದಲ್ಲಿ. ಆ್ಯಪ್‌ನಲ್ಲಿ ಎಷ್ಟು ತಡಕಾಡಿದರೂ ಸಿಗದೆ ಕೈಬಿಟ್ಟವರು ಬಹಳ ಜನ. ಆಗುವುದಾದರೆ ಕಂಪ್ಯೂಟರಿನಲ್ಲಿ ಮಾಡಿ.

ಆ್ಯಪ್ ಯಾವುದಾದರೂ ಸರಿ. ಮಾಸ್ಟಡಾನ್‌ನದ್ದೇ ಅಧಿಕೃತ ಆ್ಯಪ್ ಇದೆ. ಆಂಡ್ರಾಯ್ಡ್‌ನಲ್ಲಿ ಟಸ್ಕಿ, ಐಫೋನ್‌ನಲ್ಲಿ ಐಸ್ ಕ್ಯೂಬ್ಸ್ ಇವೆ. ಇವೂ ಮುಕ್ತ ತಂತ್ರಾಂಶಗಳೇ.

## ಹಂತ 1: ಸರ್ವರ್ ಆರಿಸುವುದು

ಜಾಯಿನ್‌ಮಾಸ್ಟಡಾನ್ ತಾಣದಲ್ಲಿ ಸರ್ವರ್‌ಗಳ ಪಟ್ಟಿ ಇದೆ. ಆ ಪಟ್ಟಿಗೆ ಸೇರುವ ಸರ್ವರ್‌ಗಳು ಕೆಲವು ಮಾತು ಕೊಟ್ಟಿರುತ್ತವೆ: ದಿನವೂ ಬ್ಯಾಕಪ್ ತೆಗೆಯುತ್ತೇವೆ, ತುರ್ತಿಗೆ ಇನ್ನೊಬ್ಬರ ಬಳಿಯೂ ಸರ್ವರ್‌ನ ಕೀಲಿ ಇರುತ್ತದೆ, ಮುಚ್ಚುವುದಾದರೆ ಕನಿಷ್ಠ 3 ತಿಂಗಳು ಮೊದಲೇ ತಿಳಿಸುತ್ತೇವೆ. ಈ ಕೊನೆಯ ಮಾತು ತುಂಬ ಮುಖ್ಯ. ಯಾಕೆ ಅನ್ನುವುದು ಹಂತ 6ರಲ್ಲಿ ಗೊತ್ತಾಗುತ್ತದೆ.

ಸೇರುವ ಮೊದಲು ಸರ್ವರ್‌ನ ಅಬೌಟ್ ಪುಟ ಪೂರ್ತಿ ಓದಿ. ಅಲ್ಲಿ ಭಾಷೆಯ ಬಗ್ಗೆ ನಿಯಮ ಇದೆಯಾ ನೋಡಿ. ಸಾರ್ವಜನಿಕ ಪೋಸ್ಟ್‌ಗಳು ಇಂಗ್ಲಿಷ್‌ನಲ್ಲೇ ಇರಬೇಕು ಎನ್ನುವ ಸರ್ವರ್‌ಗಳಿವೆ. ದ್ವೇಷದಿಂದಲ್ಲ, ಅಲ್ಲಿನ ಮಾಡರೇಟರ್‌ಗಳಿಗೆ ಬೇರೆ ಭಾಷೆ ಓದಿ ನಿಗಾ ಇಡಲು ಆಗುವುದಿಲ್ಲ ಎಂಬ ಕಾರಣಕ್ಕೆ. ಕನ್ನಡದಲ್ಲಿ ಬರೆಯುವವರು ಇಂಥ ಕಡೆ ಸೇರಿ ಎಚ್ಚರಿಕೆ ಪಡೆಯುವುದಕ್ಕಿಂತ ಮೊದಲೇ ನೋಡಿಕೊಳ್ಳುವುದು ಮೇಲು.

ಕನ್ನಡಿಗರಿಗೆ ನನ್ನ ಸಲಹೆ: ಮೊದಲ ಖಾತೆಗೆ ತೀರಾ ಚಿಕ್ಕ ಸರ್ವರ್ ಬೇಡ. ಹ್ಯಾಶ್‌ಟ್ಯಾಗ್ ಹುಡುಕಿದಾಗ ನಿಮ್ಮ ಸರ್ವರ್‌ಗೆ ಆಗಲೇ ಬಂದಿರುವ ಪೋಸ್ಟ್‌ಗಳಷ್ಟೇ ಕಾಣುತ್ತವೆ. ಕನ್ನಡದವರನ್ನು ಯಾರೂ ಫಾಲೋ ಮಾಡದ ಪುಟ್ಟ ಸರ್ವರ್‌ನಲ್ಲಿ ಕನ್ನಡದ ಹ್ಯಾಶ್‌ಟ್ಯಾಗ್ ಒತ್ತಿದರೆ ಖಾಲಿ ಪುಟ ಬರುತ್ತದೆ. ಇಲ್ಲಿ ಕನ್ನಡವೇ ಇಲ್ಲ ಅಂದುಕೊಂಡು ಜನ ವಾಪಸ್ ಹೋಗಿಬಿಡುತ್ತಾರೆ. ಕನ್ನಡ ಇರುತ್ತದೆ, ಅದು ಆ ಸರ್ವರ್‌ಗೆ ಬಂದಿರುವುದಿಲ್ಲ, ಅಷ್ಟೇ.

ಎಚ್ಚರಿಕೆಯ ಗುರುತುಗಳು: ಅಬೌಟ್ ಪುಟದಲ್ಲಿ ನಡೆಸುವವರ ವಿವರ ಇಲ್ಲದಿರುವುದು, ನಿಯಮಗಳೇ ಇಲ್ಲದಿರುವುದು, ತಂತ್ರಾಂಶದ ಆವೃತ್ತಿ ತುಂಬ ಹಳೆಯದಾಗಿರುವುದು, ನಡೆಸುವವರು ತಿಂಗಳುಗಟ್ಟಲೆ ಒಂದು ಪೋಸ್ಟನ್ನೂ ಹಾಕದಿರುವುದು. ಆವೃತ್ತಿಯ ಸಂಖ್ಯೆ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ.

## ಹಂತ 2: ಖಾತೆ ತೆರೆದು ಭದ್ರ ಮಾಡುವುದು

ಕೆಲವು ಸರ್ವರ್‌ಗಳು ಕೂಡಲೇ ಸೇರಿಸಿಕೊಳ್ಳುತ್ತವೆ. ಕೆಲವು ಯಾಕೆ ಸೇರುತ್ತೀರಿ ಅಂತ ಕೇಳುತ್ತವೆ. ಅಲ್ಲಿ ನಿಮ್ಮ ಉತ್ತರ ಓದುವುದು ಒಬ್ಬ ಮನುಷ್ಯ. ಒಂದೇ ಪದ ಬರೆದರೆ ಸ್ಪ್ಯಾಮ್ ಅಂದುಕೊಂಡು ತಳ್ಳಿಹಾಕುವ ಸಾಧ್ಯತೆ ಜಾಸ್ತಿ. ಯಾರು, ಏನು ಬರೆಯುತ್ತೀರಿ ಅಂತ ಎರಡು ಸಾಲು ಬರೆಯಿರಿ. ದೃಢೀಕರಣದ ಮೇಲ್ ಬರದಿದ್ದರೆ ಸ್ಪ್ಯಾಮ್ ಫೋಲ್ಡರ್ ನೋಡಿ.

ಒಳಗೆ ಹೋದ ಕೂಡಲೇ ಪ್ರಿಫರೆನ್ಸಸ್‌ಗೆ ಹೋಗಿ, ಅಕೌಂಟ್ ವಿಭಾಗದಲ್ಲಿ ಎರಡು ಹಂತದ ದೃಢೀಕರಣ ಆನ್ ಮಾಡಿ. ಆಗ ಕೊಡುವ ರಿಕವರಿ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಿ. ಫೋನ್ ಕಳೆದರೆ ಕೇಳಲು ಇಲ್ಲಿ ಕೇಂದ್ರ ಕಚೇರಿ ಇಲ್ಲ. ನಿಮ್ಮ ಸರ್ವರ್ ನಡೆಸುವವರನ್ನು ಬಿಟ್ಟರೆ ಬೇರೆ ಯಾರೂ ನಿಮ್ಮ ಖಾತೆ ತೆರೆದುಕೊಡಲಾರರು.

ಆ್ಯಪ್‌ನಲ್ಲಿ ಲಾಗಿನ್ ಆಗುವಾಗ ಅದು ಮೊದಲು ಸರ್ವರ್‌ನ ಹೆಸರು ಕೇಳುತ್ತದೆ, ಆಮೇಲೆ ಆ ಸರ್ವರ್‌ನ ಲಾಗಿನ್ ಪುಟ ತೆರೆಯುತ್ತದೆ. ಪಾಸ್‌ವರ್ಡ್ ಹಾಕುವ ಮೊದಲು ಮೇಲಿನ ವಿಳಾಸದಲ್ಲಿ ನಿಮ್ಮ ಸರ್ವರ್‌ನ ಹೆಸರೇ ಇದೆಯಾ ನೋಡಿ. ಬೇರೆ ಏನಾದರೂ ಇದ್ದರೆ ಅಲ್ಲಿಗೇ ನಿಲ್ಲಿಸಿ.

## ಹಂತ 3: ಬರೆಯುವ ಮೊದಲು ನಾಲ್ಕು ಆಯ್ಕೆ

ಭಾಷೆ. ಪೋಸ್ಟ್ ಬರೆಯುವ ಡಬ್ಬಿಯಲ್ಲಿ ಭಾಷೆಯ ಗುಂಡಿ ಇದೆ. ಅದು ಇಂಗ್ಲಿಷ್‌ನಲ್ಲೇ ಇದ್ದರೆ ನೀವು ಕನ್ನಡದಲ್ಲಿ ಬರೆದದ್ದಕ್ಕೂ ಇಂಗ್ಲಿಷ್ ಎಂಬ ಚೀಟಿ ಅಂಟುತ್ತದೆ. ಆಗ ಕನ್ನಡ ಮಾತ್ರ ಆರಿಸಿಕೊಂಡವರ ಸಾರ್ವಜನಿಕ ಟೈಮ್‌ಲೈನ್‌ನಲ್ಲಿ ನೀವು ಕಾಣುವುದಿಲ್ಲ. ಪ್ರಿಫರೆನ್ಸಸ್‌ನಲ್ಲಿ ಪೋಸ್ಟಿಂಗ್ ಭಾಷೆಯನ್ನು ಕನ್ನಡ ಅಂತ ಒಮ್ಮೆ ಇಟ್ಟುಬಿಡಿ. ಎರಡು ಭಾಷೆಯಲ್ಲಿ ಬರೆಯುವವರು ಪ್ರತಿ ಸಲವೂ ಗಮನಿಸಬೇಕು.

ಯಾರಿಗೆ ಕಾಣಬೇಕು. ಎಲ್ಲರಿಗೂ, ಎಲ್ಲರಿಗೂ ಆದರೆ ಸಾರ್ವಜನಿಕ ಟೈಮ್‌ಲೈನ್ ಮತ್ತು ಹುಡುಕಾಟದಲ್ಲಿ ಬಾರದಂತೆ, ಫಾಲೋವರ್‌ಗಳಿಗೆ ಮಾತ್ರ, ಹೆಸರಿಸಿದವರಿಗೆ ಮಾತ್ರ. ಹೀಗೆ ನಾಲ್ಕು ಬಗೆ. ಕೊನೆಯದನ್ನು ಜನ ವಾಟ್ಸಾಪ್ ಮೆಸೇಜಿನ ಹಾಗೆ ಬಳಸುತ್ತಾರೆ. ದಯವಿಟ್ಟು ಬೇಡ. ಅದು ಎನ್‌ಕ್ರಿಪ್ಟ್ ಆಗಿರುವುದಿಲ್ಲ, ಎರಡೂ ಕಡೆಯ ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು. ಇನ್ನೊಂದು ಅಪಾಯವೂ ಇದೆ. ಒಬ್ಬರ ಜೊತೆ ಹೀಗೆ ಮಾತಾಡುತ್ತ ಮೂರನೆಯವರ ಹೆಸರನ್ನು @ ಹಾಕಿ ಬರೆದರೆ ಆ ಮಾತು ಅವರಿಗೂ ಹೋಗುತ್ತದೆ! ಬ್ಯಾಂಕಿನ ವಿವರ, ಆಧಾರ್ ಸಂಖ್ಯೆ, ಮನೆಯ ವಿಳಾಸ ಇಲ್ಲಿ ಯಾವತ್ತೂ ಬರೆಯಬೇಡಿ.

ಹುಡುಕಿದರೆ ಸಿಗಬೇಕೇ. ಪಬ್ಲಿಕ್ ಪ್ರೊಫೈಲ್‌ನ ಪ್ರೈವೆಸಿ ಅಂಡ್ ರೀಚ್ ಪುಟದಲ್ಲಿ ನಿಮ್ಮ ಸಾರ್ವಜನಿಕ ಪೋಸ್ಟ್‌ಗಳನ್ನು ಹುಡುಕಾಟದಲ್ಲಿ ಸೇರಿಸುವ ಆಯ್ಕೆ ಇದೆ. ನೀವು ಟಿಕ್ ಹಾಕದಿದ್ದರೆ ಅದು ಆಫ್ ಆಗಿಯೇ ಇರುತ್ತದೆ. ಕಥೆ, ಕೃಷಿ, ವಿಜ್ಞಾನ ಬರೆಯುವವರು ಟಿಕ್ ಹಾಕಿ. ಖಾಸಗಿಯಾಗಿ ಇರಬೇಕೆನ್ನುವವರು ಹಾಗೇ ಬಿಡಿ.

ಹ್ಯಾಶ್‌ಟ್ಯಾಗ್. ಕೆಲವು ಸರ್ವರ್‌ಗಳಲ್ಲಿ ಪೋಸ್ಟಿನೊಳಗಿನ ಪದ ಹುಡುಕುವ ಸೌಲಭ್ಯ ಇರುವುದಿಲ್ಲ. ಹಾಗಾಗಿ ಇಲ್ಲಿ ಜನ ಒಬ್ಬರನ್ನೊಬ್ಬರು ಕಂಡುಕೊಳ್ಳುವುದು ಹ್ಯಾಶ್‌ಟ್ಯಾಗ್‌ನಿಂದಲೇ. ಕನ್ನಡ ಲಿಪಿಯದ್ದೊಂದು, ಇಂಗ್ಲಿಷ್ ಅಕ್ಷರದ್ದೊಂದು ಹಾಕಿ. ಪೋಸ್ಟ್ ಮಾಡಿದ ಮೇಲೆ ಪೂರ್ತಿ ಪದ ಲಿಂಕ್ ಬಣ್ಣಕ್ಕೆ ತಿರುಗಿದೆಯಾ ನೋಡಿ. ಅರ್ಧಕ್ಕೇ ನಿಂತಿದ್ದರೆ ಪದದ ನಡುವೆ ಖಾಲಿ ಜಾಗವೋ ಕಣ್ಣಿಗೆ ಕಾಣದ ಅಕ್ಷರವೋ ಸೇರಿಕೊಂಡಿರುತ್ತದೆ. ಎಡಿಟ್ ಮಾಡಿ ಆ ಪದವನ್ನು ಹೊಸದಾಗಿ ಟೈಪ್ ಮಾಡಿ.

## ಹಂತ 4: ಖಾಲಿ ಹೋಮ್ ತುಂಬಿಸುವುದು

ಹೊಸ ಖಾತೆಯ ಹೋಮ್ ಖಾಲಿ ಇರುತ್ತದೆ. ಅದು ಹಾಳಾಗಿಲ್ಲ. ನೀವು ಫಾಲೋ ಮಾಡಿದವರ ಪೋಸ್ಟ್‌ಗಳು, ಅವರು ಹಂಚಿಕೊಂಡದ್ದು ಬಂದ ಕ್ರಮದಲ್ಲೇ ಇಲ್ಲಿ ಕಾಣುತ್ತವೆ. ನಿಮಗೆ ಇಷ್ಟವಾಗಬಹುದು ಅಂತ ಊಹಿಸಿ ಯಾವುದನ್ನೂ ತುರುಕುವುದಿಲ್ಲ.

ಮೊದಲು ಹ್ಯಾಶ್‌ಟ್ಯಾಗ್ ಫಾಲೋ ಮಾಡಿ. ಹುಡುಕಿ, ಆ ಪುಟದ ಮೇಲಿರುವ ಫಾಲೋ ಗುಂಡಿ ಒತ್ತಿದರಾಯಿತು. ಆಮೇಲೆ ಜನರನ್ನು ಹುಡುಕಿ. ಹುಡುಕುವಾಗ ಪೂರ್ತಿ ವಿಳಾಸ ಹಾಕಬೇಕು: @, ಹೆಸರು, ಮತ್ತೊಂದು @, ಸರ್ವರ್. ಬರೀ ಹೆಸರು ಹಾಕಿದರೆ ನಿಮ್ಮ ಸರ್ವರ್‌ಗೆ ಗೊತ್ತಿರುವವರಷ್ಟೇ ಸಿಗುತ್ತಾರೆ. ಇಲ್ಲಿಂದ ಪಿಕ್ಸೆಲ್‌ಫೆಡ್ (ಚಿತ್ರಗಳ ಜಾಲ), ಪಿಯರ್‌ಟ್ಯೂಬ್ (ವಿಡಿಯೊ ಜಾಲ), ಲೆಮ್ಮಿ (ಚರ್ಚೆಯ ಜಾಲ) ಖಾತೆಗಳನ್ನೂ ಇದೇ ರೀತಿ ಫಾಲೋ ಮಾಡಬಹುದು. ಅವೂ ಆಕ್ಟಿವಿಟಿಪಬ್ ಮಾತಾಡುತ್ತವೆ. ಟ್ವಿಟರ್ ಥರದ ಇನ್ನೊಂದು ಜಾಲವಾದ ಬ್ಲೂಸ್ಕೈ ಬೇರೆ ಪ್ರೋಟೋಕಾಲ್ ಬಳಸುತ್ತದೆ, ಅಲ್ಲಿನವರು ನೇರವಾಗಿ ಸಿಗುವುದಿಲ್ಲ. ನಡುವೆ ಬ್ರಿಡ್ಜಿ ಫೆಡ್ ಎಂಬ ಸೇತುವೆ ಇದೆ, ಅದಕ್ಕೆ ಅವರೂ ಒಪ್ಪಿ ಸೇರಿರಬೇಕು.

## ಹಂತ 5: ಕಾಣದೇ ಇದ್ದಾಗ

ಲಿಂಕ್ ತೆರೆದರೆ ಲಾಗಿನ್ ಕೇಳುತ್ತದೆ. ಗೆಳತಿ ವಾಟ್ಸಾಪ್‌ನಲ್ಲಿ ಒಂದು ಮಾಸ್ಟಡಾನ್ ಪೋಸ್ಟಿನ ಲಿಂಕ್ ಕಳಿಸುತ್ತಾರೆ. ಒತ್ತುತ್ತೀರಿ, ಬ್ರೌಸರ್ ತೆರೆಯುತ್ತದೆ, ಪೋಸ್ಟ್ ಕಾಣುತ್ತದೆ. ಇಷ್ಟವಾಯಿತು ಎನ್ನುವ ನಕ್ಷತ್ರ ಒತ್ತಿದರೆ ಲಾಗಿನ್ ಆಗಿ ಅನ್ನುತ್ತದೆ. ನಿಮ್ಮ ಪಾಸ್‌ವರ್ಡ್ ಹಾಕಿದರೆ ತಪ್ಪು ಅನ್ನುತ್ತದೆ. ಪಾಸ್‌ವರ್ಡ್ ಸರಿಯಾಗಿಯೇ ಇದೆ, ನೀವು ನಿಂತಿರುವುದು ಬರೆದವರ ಸರ್ವರ್‌ನಲ್ಲಿ. ಅಲ್ಲಿ ನಿಮಗೆ ಖಾತೆ ಇಲ್ಲ. ಪಾಸ್‌ವರ್ಡ್ ಬದಲಿಸಲು ಹೋಗಬೇಡಿ, ಅಲ್ಲೇ ಇನ್ನೊಂದು ಖಾತೆಯನ್ನೂ ತೆರೆಯಬೇಡಿ. ಮೇಲಿನ ವಿಳಾಸವನ್ನು ಪೂರ್ತಿ ಕಾಪಿ ಮಾಡಿ, ನಿಮ್ಮ ಆ್ಯಪ್‌ನ ಹುಡುಕಾಟದ ಡಬ್ಬಿಯಲ್ಲಿ ಪೇಸ್ಟ್ ಮಾಡಿ, ಹುಡುಕಿ. ಅದೇ ಪೋಸ್ಟ್ ನಿಮ್ಮ ಸರ್ವರ್‌ನೊಳಗೆ ತೆರೆದುಕೊಳ್ಳುತ್ತದೆ. ಈಗ ಇಷ್ಟಪಡಿ, ಉತ್ತರ ಬರೆಯಿರಿ, ಹಂಚಿ. ಪ್ರೊಫೈಲ್‌ಗಳಿಗೂ ಇದೇ ದಾರಿ.

ಹಳೆಯ ಪೋಸ್ಟ್‌ಗಳು ಇಲ್ಲ. ನಿಮ್ಮ ಸರ್ವರ್‌ನಲ್ಲಿ ಅವರನ್ನು ಮೊದಲು ಫಾಲೋ ಮಾಡಿದವರು ನೀವೇ ಆಗಿದ್ದರೆ, ಅಲ್ಲಿಂದ ಮುಂದಿನದಷ್ಟೇ ಬರುತ್ತದೆ. ಹಿಂದಿನದು ತಾನಾಗಿ ಬರುವುದಿಲ್ಲ. ಪ್ರೊಫೈಲ್‌ನಲ್ಲಿ ಮೂಲ ಪುಟಕ್ಕೆ ಹೋಗುವ ಲಿಂಕ್ ಇರುತ್ತದೆ, ಹಳೆಯದನ್ನು ಅಲ್ಲಿ ಓದಿ. ಫಾಲೋವರ್‌ಗಳ ಸಂಖ್ಯೆ, ಮೆಚ್ಚುಗೆಗಳ ಸಂಖ್ಯೆ ಎರಡು ಸರ್ವರ್‌ಗಳಲ್ಲಿ ಬೇರೆ ಬೇರೆ ಕಾಣುವುದಕ್ಕೂ ಇದೇ ಕಾರಣ. ಉತ್ತರಗಳ ಸರಣಿ ಅರ್ಧ ಮಾತ್ರ ಕಂಡರೂ ಮೂಲ ಪುಟಕ್ಕೆ ಹೋಗಿ ನೋಡಿ. ಅರ್ಧ ಮಾತು ಓದಿ ಜಗಳಕ್ಕಿಳಿಯುವುದು ಇಲ್ಲಿ ನಿಜವಾಗಿ ಆಗುತ್ತದೆ.

ಒಬ್ಬರು ಸಿಗುವುದೇ ಇಲ್ಲ. ಪೂರ್ತಿ ವಿಳಾಸ ಹಾಕಿದರೂ ಸಿಗದಿದ್ದರೆ ಮೊದಲು ಕಾಗುಣಿತ ನೋಡಿ. ಸರಿ ಇದ್ದರೆ ನಿಮ್ಮ ಸರ್ವರ್‌ನ ಅಬೌಟ್ ಪುಟದಲ್ಲಿ ತಡೆಹಿಡಿದ ಸರ್ವರ್‌ಗಳ ಪಟ್ಟಿ ತೆರೆಯಿರಿ. ಕೆಲವರು ಈ ಪಟ್ಟಿಯನ್ನು ಬಹಿರಂಗವಾಗಿ ಇಟ್ಟಿರುತ್ತಾರೆ. ಅವರ ಸರ್ವರ್ ಅದರಲ್ಲಿದ್ದರೆ ನಿಮ್ಮ ಕಡೆಯಿಂದ ಮಾಡುವಂಥದ್ದು ಏನೂ ಇಲ್ಲ. ನಡೆಸುವವರನ್ನು ಕೇಳಬಹುದು, ಇಲ್ಲವೇ ಸರ್ವರ್ ಬದಲಿಸಬಹುದು.

ಏನೂ ಬರುತ್ತಿಲ್ಲ. ಆ್ಯಪ್ ಮುಚ್ಚಿ ಬ್ರೌಸರ್‌ನಲ್ಲಿ ನೋಡಿ. ಅಲ್ಲಿ ಸರಿ ಇದ್ದರೆ ತೊಂದರೆ ಆ್ಯಪ್‌ನದ್ದು. ಅಪ್‌ಡೇಟ್ ಮಾಡಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಕಳಿಸದೆ ಉಳಿದಿರುವ ಡ್ರಾಫ್ಟ್‌ಗಳಿದ್ದರೆ ಮೊದಲು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಬ್ರೌಸರ್‌ನಲ್ಲೂ ಇಲ್ಲದಿದ್ದರೆ ಸರ್ವರ್ ನಿಂತಿರಬಹುದು. ಸರ್ವರ್ ತೆರೆಯುತ್ತದೆ, ಆದರೆ ಪೋಸ್ಟ್‌ಗಳು ಗಂಟೆಗಟ್ಟಲೆ ತಡವಾಗಿ ಬರುತ್ತಿವೆ ಅಂದರೆ ಒಳಗಿನ ಸರದಿ ಉದ್ದವಾಗಿದೆ ಅಂತ ಅರ್ಥ. ಕಾದರೆ ಸರಿಹೋಗುತ್ತದೆ. ಒಂದೇ ಪೋಸ್ಟನ್ನು ಮತ್ತೆ ಮತ್ತೆ ಒತ್ತಬೇಡಿ, ಆಮೇಲೆ ಎಲ್ಲವೂ ಒಟ್ಟಿಗೆ ಹೋಗಬಹುದು. ಸಿಟ್ಟಿನಲ್ಲಿ ಖಾತೆಯನ್ನಂತೂ ಅಳಿಸಬೇಡಿ. ಅಳಿಸಿದ್ದು ಮರಳಿ ಬರುವುದಿಲ್ಲ, ಆ ಸರ್ವರ್‌ನಲ್ಲಿ ಅದೇ ಹೆಸರು ನಿಮಗೆ ಮತ್ತೆ ಸಿಗುವುದೂ ಇಲ್ಲ.

## ಹಂತ 6: ಸರ್ವರ್ ಬದಲಿಸುವುದು

ಇಲ್ಲಿ ನಿಧಾನವಾಗಿ ಓದಿ. ಮೊದಲು ಏನು ಹೋಗುತ್ತದೆ, ಏನು ಹೋಗುವುದಿಲ್ಲ ಅನ್ನುವುದು ಸ್ಪಷ್ಟವಾಗಲಿ. ಫಾಲೋವರ್‌ಗಳು ತಾವಾಗಿ ಹೊಸ ಖಾತೆಗೆ ಬರುತ್ತಾರೆ. ನೀವು ಫಾಲೋ ಮಾಡಿದವರ ಪಟ್ಟಿಯನ್ನು ನೀವೇ ಫೈಲ್ ಮಾಡಿ ಒಯ್ಯಬೇಕು. ಬರೆದ ಪೋಸ್ಟ್‌ಗಳು ಹೋಗುವುದಿಲ್ಲ, ಹಳೆಯ ಖಾತೆಯಲ್ಲೇ ಉಳಿಯುತ್ತವೆ.

ಮತ್ತೊಂದು ಮಾತು. ಈ ಇಡೀ ಕೆಲಸಕ್ಕೆ ಹಳೆಯ ಸರ್ವರ್ ಬದುಕಿರಬೇಕು. ಅದು ನಿಂತುಹೋದ ಮೇಲೆ ಫಾಲೋವರ್‌ಗಳನ್ನು ಕರೆತರಲು ದಾರಿಯೇ ಇಲ್ಲ. ಮುಚ್ಚುತ್ತೇವೆ ಎಂಬ ಸೂಚನೆ ಕಂಡ ವಾರದಲ್ಲೇ ಹೊರಡಿ.

6.1 ಪಟ್ಟಿಗಳನ್ನು ಇಳಿಸಿಕೊಳ್ಳಿ. ಹಳೆಯ ಖಾತೆಯ ಪ್ರಿಫರೆನ್ಸಸ್‌ನಲ್ಲಿ ಇಂಪೋರ್ಟ್ ಅಂಡ್ ಎಕ್ಸ್‌ಪೋರ್ಟ್ ತೆರೆಯಿರಿ. ಫಾಲೋ ಮಾಡಿದವರು, ಲಿಸ್ಟ್‌ಗಳು, ಬ್ಲಾಕ್, ಮ್ಯೂಟ್, ಬುಕ್‌ಮಾರ್ಕ್, ಒಂದೊಂದನ್ನೂ ಸಿಎಸ್‌ವಿ (ಪಟ್ಟಿ ಇಡುವ ಸರಳ ಪಠ್ಯದ) ಫೈಲಾಗಿ ಇಳಿಸಿ. ಬ್ಲಾಕ್ ಪಟ್ಟಿಯನ್ನು ಬಹಳ ಜನ ಮರೆಯುತ್ತಾರೆ. ಕಿರುಕುಳ ಕೊಟ್ಟವರು ಹೊಸ ಖಾತೆಯ ಬಾಗಿಲಿಗೂ ಬಂದು ನಿಂತಾಗ ನೆನಪಾಗುತ್ತದೆ. ನೀವು ಮಾಡಿಕೊಂಡ ಫಿಲ್ಟರ್‌ಗಳು, ಫಾಲೋ ಮಾಡಿದ ಹ್ಯಾಶ್‌ಟ್ಯಾಗ್‌ಗಳು, ಇವನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

6.2 ಬರಹದ ಪ್ರತಿ ಕೇಳಿ. ಅದೇ ಪುಟದಲ್ಲಿ ನಿಮ್ಮ ಎಲ್ಲ ಪೋಸ್ಟ್, ಚಿತ್ರಗಳ ಆರ್ಕೈವ್ ಕೇಳುವ ಗುಂಡಿ ಇದೆ. 7 ದಿನಕ್ಕೆ ಒಮ್ಮೆ ಮಾತ್ರ ಕೇಳಬಹುದು. ಸಿದ್ಧವಾದಾಗ ಮೇಲ್ ಬರುತ್ತದೆ. ಇದನ್ನು ಹೊಸ ಖಾತೆಗೆ ತುಂಬಲು ಆಗುವುದಿಲ್ಲ, ಆದರೆ ನೀವು ಬರೆದದ್ದು ನಿಮ್ಮ ಕೈಯಲ್ಲಿ ಉಳಿಯುತ್ತದೆ. 2024ರ ಜುಲೈನಲ್ಲಿ ಬೆಂಗಳೂರಿನ ಕೂ ಎಂಬ ಸಾಮಾಜಿಕ ಜಾಲ ಮುಚ್ಚುವುದಾಗಿ ಹೇಳಿದಾಗ ಕನ್ನಡದಲ್ಲಿ ಬರೆಯುತ್ತಿದ್ದವರೂ ತಮ್ಮ ಬರಹದ ಗತಿ ಏನು ಅಂತ ಯೋಚಿಸಬೇಕಾಯಿತು. ಬದಲಿಸುವ ಯೋಚನೆ ಇಲ್ಲದವರೂ ಆಗಾಗ ಈ ಪ್ರತಿ ಇಳಿಸಿಕೊಳ್ಳಿ. ಬರಹ ನಿಮ್ಮದು, ಅದರ ಒಂದು ಪ್ರತಿ ನಿಮ್ಮ ಬಳಿ ಇರಲೇಬೇಕು.

6.3 ಹೊಸ ಖಾತೆ ಸಿದ್ಧ ಮಾಡಿ. ಪ್ರೊಫೈಲ್ ಚಿತ್ರ, ಪರಿಚಯ ಹಾಕಿ. ಆಮೇಲೆ ಇಂಪೋರ್ಟ್ ಪುಟದಲ್ಲಿ ಸಿಎಸ್‌ವಿ ಫೈಲುಗಳನ್ನು ಏರಿಸಿ. ಮರ್ಜ್ ಮತ್ತು ಓವರ್‌ರೈಟ್ ಎಂಬ ಎರಡು ಆಯ್ಕೆ ಬರುತ್ತವೆ. ಮರ್ಜ್ ಇರಲಿ. ಇನ್ನೊಂದು ಈಗಾಗಲೇ ಇರುವುದನ್ನು ಅಳಿಸಿಹಾಕುತ್ತದೆ. ದೊಡ್ಡ ಪಟ್ಟಿಯಾದರೆ ತುಂಬಲು ಹೊತ್ತು ಹಿಡಿಯುತ್ತದೆ.

6.4 ಹೊಸ ಖಾತೆಯಲ್ಲಿ ಹಳೆಯದನ್ನು ಗುರುತಿಸಿ. ಎಲ್ಲರೂ ಎಡವುವುದು ಇಲ್ಲಿ. ಹಳೆಯ ಖಾತೆಯಿಂದ ಶುರು ಮಾಡಬೇಡಿ. ಹೊಸ ಖಾತೆಯ ಅಕೌಂಟ್ ಸೆಟ್ಟಿಂಗ್ಸ್ ಪುಟದ ಕೊನೆಗೆ ಹೋಗಿ, ಬೇರೆ ಖಾತೆಯಿಂದ ಬರುತ್ತಿದ್ದೇನೆ ಎಂಬ ಲಿಂಕ್ ಒತ್ತಿ, ಹಳೆಯ ಖಾತೆಯ ಪೂರ್ತಿ ವಿಳಾಸ ಹಾಕಿ ಏಲಿಯಾಸ್ (ಅದೇ ವ್ಯಕ್ತಿಯ ಇನ್ನೊಂದು ಹೆಸರು) ಮಾಡಿ. ಈ ಎರಡೂ ಖಾತೆ ಒಬ್ಬರದ್ದೇ ಅಂತ ಹೊಸ ಸರ್ವರ್ ಒಪ್ಪಿಕೊಂಡಂತಾಯಿತು. ಇದಿಲ್ಲದಿದ್ದರೆ ಯಾರು ಬೇಕಾದರೂ ತಮ್ಮ ಫಾಲೋವರ್‌ಗಳನ್ನು ನಿಮ್ಮ ತಲೆಗೆ ಕಟ್ಟಬಹುದಿತ್ತು, ಅಲ್ವಾ?

ಹೊಸ ಖಾತೆಯಲ್ಲಿ ಫಾಲೋ ಮಾಡಲು ನಿಮ್ಮ ಒಪ್ಪಿಗೆ ಬೇಕು ಅಂತ ಇಟ್ಟಿದ್ದರೆ ಸದ್ಯಕ್ಕೆ ತೆಗೆಯಿರಿ. ಇಲ್ಲದಿದ್ದರೆ ಬರುವವರೆಲ್ಲ ಕೋರಿಕೆಗಳ ಸಾಲಿನಲ್ಲಿ ನಿಲ್ಲುತ್ತಾರೆ.

6.5 ಹಳೆಯ ಖಾತೆಯಿಂದ ಹೊರಡಿ. ಈಗ ಹಳೆಯ ಖಾತೆಯ ಅದೇ ಪುಟದಲ್ಲಿ ಬೇರೆ ಖಾತೆಗೆ ಹೋಗುವ ಲಿಂಕ್ ಒತ್ತಿ. ಹೊಸ ಖಾತೆಯ ವಿಳಾಸ, ಹಳೆಯ ಖಾತೆಯ ಪಾಸ್‌ವರ್ಡ್ ಹಾಕಿ ಒಪ್ಪಿಗೆ ಕೊಡಿ. ಅದೇ ಪುಟದಲ್ಲಿ ಪ್ರೊಫೈಲ್‌ಗೆ ರೀಡೈರೆಕ್ಟ್ (ಹೊಸ ಖಾತೆ ಎಲ್ಲಿದೆ ಎಂಬ ಸೂಚನೆ) ಮಾತ್ರ ಹಾಕುವ ಇನ್ನೊಂದು ಆಯ್ಕೆಯೂ ಇದೆ. ಅದನ್ನು ಒತ್ತಿದರೆ ಬೋರ್ಡ್ ಬದಲಾಗುತ್ತದೆ, ಫಾಲೋವರ್‌ಗಳು ಬರುವುದಿಲ್ಲ.

ಹೊಸ ಖಾತೆಯು ಹಳೆಯದರ ಏಲಿಯಾಸ್ ಅಲ್ಲ ಎಂಬ ದೋಷ ಬಂದರೆ 6.4ಕ್ಕೆ ಮರಳಿ. ವಿಳಾಸದಲ್ಲಿ ಒಂದು ಅಕ್ಷರ ತಪ್ಪಿದೆಯಾ, ಸರ್ವರ್ ಹೆಸರು ಬಿಟ್ಟಿದ್ದೀರಾ ನೋಡಿ. ಸರಿ ಇದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಾಡಿ.

ಒಪ್ಪಿಗೆ ಕೊಡುವ ಮುನ್ನ ಒಮ್ಮೆ ಯೋಚಿಸಿ. ಒಮ್ಮೆ ಹೊರಟರೆ ಮತ್ತೆ ಬದಲಿಸಲು 30 ದಿನ ಕಾಯಬೇಕು. ರೀಡೈರೆಕ್ಟ್ ತೆಗೆದು ಹಳೆಯ ಖಾತೆಯನ್ನು ಮತ್ತೆ ಬಳಸಬಹುದು, ಆದರೆ ಹೋದ ಫಾಲೋವರ್‌ಗಳು ತಾವಾಗಿ ಹಿಂತಿರುಗುವುದಿಲ್ಲ.

6.6 ಕಾಯಿರಿ, ಎಣಿಸಿ. ಫಾಲೋವರ್‌ಗಳು ಒಂದೇ ಏಟಿಗೆ ಬರುವುದಿಲ್ಲ. ಪ್ರತಿಯೊಬ್ಬರ ಸರ್ವರ್ ಹಳೆಯದನ್ನು ಬಿಟ್ಟು ಹೊಸದನ್ನು ಫಾಲೋ ಮಾಡಬೇಕು. ಪೂರ್ತಿ ಅಷ್ಟೇ ಸಂಖ್ಯೆ ಬರುವುದೂ ಅಪರೂಪ. ನಿಂತುಹೋದ ಸರ್ವರ್‌ಗಳಲ್ಲಿದ್ದವರು, ಹೊಸ ಸರ್ವರ್ ಅನ್ನು ತಡೆಹಿಡಿದ ಕಡೆಯವರು, ಈ ಸೌಲಭ್ಯವೇ ಇಲ್ಲದ ತಂತ್ರಾಂಶ ಬಳಸುವವರು ಹಿಂದೆ ಉಳಿಯುತ್ತಾರೆ. ಮುಖ್ಯವಾದವರಿಗೆ ಹೊಸ ವಿಳಾಸವನ್ನು ನೀವೇ ತಿಳಿಸಿ. ಹಳೆಯ ಖಾತೆಯನ್ನು ಅಳಿಸಬೇಡಿ. ನಿಮ್ಮ ಹಳೆಯ ಬರಹಗಳ ಲಿಂಕ್‌ಗಳು ಕೆಲಸ ಮಾಡುವುದು ಅದು ಇರುವ ತನಕ ಮಾತ್ರ.

## ಹಂತ 7: ಆದರೂ ಸರಿಹೋಗದಿದ್ದರೆ

ದೂರು ಕೊಡುವುದಕ್ಕೂ ಸರಿಯಾದ ಜಾಗ ಇದೆ. ಸರ್ವರ್ ನಿಧಾನ, ಮೇಲ್ ಬರುತ್ತಿಲ್ಲ, ಖಾತೆ ತಡೆದಿದ್ದಾರೆ ಅಂದರೆ ನಿಮ್ಮ ಸರ್ವರ್ ನಡೆಸುವವರಿಗೆ ಬರೆಯಿರಿ. ಅಬೌಟ್ ಪುಟದಲ್ಲಿ ಅವರ ಮೇಲ್ ಇರುತ್ತದೆ. ಒಂದೇ ಆ್ಯಪ್‌ನಲ್ಲಿ ತೊಂದರೆ ಅಂದರೆ ಆ ಆ್ಯಪ್ ಮಾಡಿದವರಿಗೆ. ಎಲ್ಲ ಕಡೆಯೂ ಒಂದೇ ದೋಷ ಮರುಕಳಿಸಿದರೆ ಗಿಟ್‌ಹಬ್ ಎಂಬ ಕೋಡ್ ಇಡುವ ತಾಣದಲ್ಲಿರುವ ಮಾಸ್ಟಡಾನ್ ಕೋಡ್‌ನ ಇಶ್ಯೂ (ದೋಷದ ದೂರುಗಳ) ಪುಟಕ್ಕೆ. ಬರೆಯುವ ಮೊದಲು ಬೇರೆ ಯಾರಾದರೂ ಅದನ್ನೇ ಹೇಳಿದ್ದಾರಾ ಹುಡುಕಿ.

ಕೆಲಸ ಮಾಡುತ್ತಿಲ್ಲ ಅಂತ ಬರೀ ಒಂದು ಸಾಲು ಬರೆದರೆ ಅವರಿಗೂ ಏನೂ ತಿಳಿಯುವುದಿಲ್ಲ. ಏನು ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು, ಸರ್ವರ್‌ನ ಆವೃತ್ತಿ, ಆ್ಯಪ್‌ನ ಆವೃತ್ತಿ, ಫೋನ್ ಯಾವುದು, ಇಷ್ಟನ್ನೂ ಬರೆಯಿರಿ. ಕನ್ನಡ ಅಕ್ಷರ ಒಡೆದು ಕಾಣುತ್ತಿದೆ ಎಂಬಂಥ ದೂರಾದರೆ ಸ್ಕ್ರೀನ್‌ಶಾಟ್ ಜೊತೆಗೆ ಆ ಪದವನ್ನು ಟೈಪ್ ಮಾಡಿಯೂ ಕಳಿಸಿ. ಕನ್ನಡ ಓದಲು ಬಾರದ ಪ್ರೋಗ್ರಾಮರ್ ಚಿತ್ರ ನೋಡಿ ತಪ್ಪು ಎಲ್ಲಿದೆ ಅಂತ ಕಂಡುಹಿಡಿಯಲಾರರು, ಅಕ್ಷರಗಳನ್ನು ಕಾಪಿ ಮಾಡಿಕೊಂಡರೆ ತಾವೇ ಪರೀಕ್ಷಿಸಬಲ್ಲರು. ಸರಿ ಹೇಗೆ ಕಾಣಬೇಕು ಎಂಬ ಇನ್ನೊಂದು ಚಿತ್ರವನ್ನೂ ಪಕ್ಕದಲ್ಲಿಡಿ. ಸ್ಕ್ರೀನ್‌ಶಾಟ್‌ನಲ್ಲಿ ನಿಮ್ಮ ಮೇಲ್ ವಿಳಾಸ, ಬೇರೆಯವರ ಖಾಸಗಿ ಮಾತು ಕಾಣುತ್ತಿದ್ದರೆ ಕಳಿಸುವ ಮುನ್ನ ಅಳಿಸಿ. ಇಶ್ಯೂ ಪುಟವನ್ನು ಎಲ್ಲರೂ ಓದಬಹುದು.